ಹೊಕ್ಕುಳಬಳ್ಳಿಯ ರಕ್ತ ಹೇಳಿದ್ದು

ಮಿಷಿಗನ್ ಸರೋವರದ ಮೀನು ಎಷ್ಟು ತಿಂದಿದ್ದೀರಿ? 1980ರ ಸುಮಾರಿಗೆ ಅಮೆರಿಕದ ಮಿಷಿಗನ್ ರಾಜ್ಯದ ಹೆರಿಗೆ ಆಸ್ಪತ್ರೆಗಳಲ್ಲಿ ಬಾಣಂತಿಯರಿಗೆ ಈ ಪ್ರಶ್ನೆ ಕೇಳಿದ್ದು ಮನಶ್ಶಾಸ್ತ್ರಜ್ಞ ದಂಪತಿ ಜೋಸೆಫ್ ಮತ್ತು ಸಾಂಡ್ರಾ ಜೇಕಬ್‌ಸನ್ ಅವರ ತಂಡ. ಟ್ರಾನ್ಸ್‌ಫಾರ್ಮರ್ ಎಣ್ಣೆಗಾಗಿ 1929ರಿಂದ ತಯಾರಾಗುತ್ತಿದ್ದ ಪಿಸಿಬಿ ಎಂಬ ರಾಸಾಯನಿಕ ಸರೋವರ ಸೇರಿ, ಅಲ್ಲಿನ ಸಾಲ್ಮನ್, ಟ್ರೌಟ್ ಮೀನುಗಳ ಕೊಬ್ಬಿನಲ್ಲಿ ಕೂತಿತ್ತು. ಅಮೆರಿಕ 1979ರಲ್ಲೇ ಅದರ ತಯಾರಿಕೆ ನಿಷೇಧಿಸಿತ್ತು. ಆದರೆ ಅದು ಸುಲಭಕ್ಕೆ ನಾಶವಾಗುವ ವಸ್ತುವಲ್ಲ.

ತಂಡ ಹೊಕ್ಕುಳಬಳ್ಳಿಯ ರಕ್ತ, ತಾಯಿಯ ರಕ್ತ, ಎದೆಹಾಲು ಮೂರನ್ನೂ ಪರೀಕ್ಷಿಸಿತು. ಆಮೇಲೆ ಮಕ್ಕಳು ಬೆಳೆಯುವವರೆಗೂ ಕಾಯಿತು. 11ರ ವಯಸ್ಸಿಗೆ ಬಂದ 212 ಮಕ್ಕಳ ಫಲಿತಾಂಶ 1996ರಲ್ಲಿ ಹೊರಬಿತ್ತು. ಗರ್ಭದಲ್ಲಿ ಅತಿ ಹೆಚ್ಚು ಪಿಸಿಬಿ ಸೋಕಿದ್ದ ಮಕ್ಕಳ ಐಕ್ಯೂ ಸರಾಸರಿ 6.2 ಅಂಕ ಕಡಿಮೆ. ಓದಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ ಕನಿಷ್ಠ ಎರಡು ವರ್ಷ ಹಿಂದುಳಿಯುವ ಸಂಭವ ಅವರಲ್ಲಿ ದುಪ್ಪಟ್ಟು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಎದೆಹಾಲಿನ ಮೂಲಕ ಮಗುವಿಗೆ ಹೋದ ಪಿಸಿಬಿ ಗರ್ಭದಲ್ಲಿ ತಲುಪಿದ್ದಕ್ಕಿಂತ ಹೆಚ್ಚು. ಹಾಗಿದ್ದೂ ಹಾನಿ ಕಂಡದ್ದು ಗರ್ಭದಲ್ಲಿ ತಲುಪಿದ ಆ ಚೂರಿನಿಂದ ಮಾತ್ರ. ಎಷ್ಟು ವಿಷ ಎನ್ನುವುದರಷ್ಟೇ ಯಾವಾಗ ಎನ್ನುವುದೂ ಮುಖ್ಯ ಎಂದಾಯಿತು.

ಮೊದಲ ಮೂರು ತಿಂಗಳು ಭ್ರೂಣಕ್ಕೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು. ಮಿದುಳಿನ ಜೀವಕೋಶಗಳು ತಮ್ಮ ತಮ್ಮ ಜಾಗ ಸೇರುವುದು ಅದರ ಆಣತಿಯಂತೆ. ಪಿಸಿಬಿ ದೇಹದಲ್ಲಿ ಮಾರ್ಪಟ್ಟಾಗ ಹುಟ್ಟುವ ಕೆಲವು ವಸ್ತುಗಳು ರಚನೆಯಲ್ಲಿ ಆ ಹಾರ್ಮೋನನ್ನೇ ಹೋಲುತ್ತವೆ. ಅದನ್ನು ಹೊತ್ತೊಯ್ಯುವ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಇಂಥ ವಸ್ತುಗಳಿಗೆ 'ಹಾರ್ಮೋನು ಕೆಡಿಸುವ ರಾಸಾಯನಿಕಗಳು' ಎಂಬ ಹೆಸರು ಬಿದ್ದದ್ದು 1991ರಲ್ಲಿ, ಥಿಯೋ ಕೋಲ್ಬರ್ನ್ ವಿಸ್ಕಾನ್ಸಿನ್‌ನಲ್ಲಿ ಕರೆದ ವಿಜ್ಞಾನಿಗಳ ಸಭೆಯಲ್ಲಿ.

2022ರಲ್ಲಿ ಸ್ವೀಡನ್ನಿನ ತಾಯಂದಿರ ಅಧ್ಯಯನ ಇನ್ನೂ ಮುಂದೆ ಹೋಯಿತು. ಅದು ನೋಡಿದ್ದು ಒಂದೇ ರಾಸಾಯನಿಕವನ್ನಲ್ಲ, ಪ್ಲಾಸ್ಟಿಕ್ಕು, ಸೌಂದರ್ಯವರ್ಧಕ ಮುಂತಾದವುಗಳಿಂದ ಮೈ ಸೇರುವ ಮಿಶ್ರಣವನ್ನು. ಎರಡೂವರೆ ವರ್ಷದ ಮಕ್ಕಳ ಮಾತು ತಡವಾಗುವುದಕ್ಕೂ ಅದಕ್ಕೂ ನಂಟು ಕಂಡಿತು.

ಗರ್ಭಿಣಿಗೆ 'ಅದು ತಿನ್ನಬೇಡ, ಇದು ಮುಟ್ಟಬೇಡ' ಎನ್ನುವುದು ಸುಲಭ. ಸರೋವರದಲ್ಲಿ ಬಲೆಗೆ ಬಿದ್ದ ಮೀನಿನಲ್ಲಿ ಏನಿದೆಯೆಂದು ಆ ತಾಯಂದಿರು ಹೇಗೆ ತಿಳಿಯಬೇಕಿತ್ತು? ತಡೆ ಬೀಳಬೇಕಾದದ್ದು ಕಾರ್ಖಾನೆಯಲ್ಲಿ, ಪರವಾನಗಿ ಕೊಡುವ ಮೇಜಿನಲ್ಲಿ.

ಭಾರತ 2016ರ ಆದೇಶದಲ್ಲಿ ಪಿಸಿಬಿ ತಯಾರಿಕೆ, ಆಮದನ್ನು ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಹಾಕಿತು. ವಿಲೇವಾರಿ ಯೋಜನೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಪಾಲುದಾರ. ಹಳೆಯ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿರುವವರು ಅದರ ಎಣ್ಣೆಯನ್ನು ಪರೀಕ್ಷೆ ಮಾಡಿಸದೆ ಗುಜರಿಗೆ ಕೊಡಬೇಡಿ.