ಮನೆಯಲ್ಲಿ ಬ್ರೇಜಿಂಗಿಗೆ ಯಾವ ಗ್ಯಾಸ್? ಕೆಲಸ ನೋಡಿ, ಜಾಗ ನೋಡಿ ಆರಿಸಿ

ಹಾಯಿಲ್‌ನಲ್ಲಿ ಎಸಿ, ಫ್ರಿಜ್ ರಿಪೇರಿ ಕೆಲಸ ಮಾಡುವ ನಮ್ಮವರಿಗೆ ಬ್ರೇಜಿಂಗ್ ಹೊಸದೇನಲ್ಲ. ಕಂಪನಿಯಲ್ಲಿ ಗ್ಯಾಸ್ ಸೆಟ್ ಕಂಪನಿಯದ್ದೇ. ಫೋರ್ಮನ್ ಕೊಟ್ಟದ್ದನ್ನು ಹಿಡಿದು ಕೆಲಸ ಮುಗಿಸಿದರಾಯಿತು. ಆದರೆ ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಹೋಗಿ, ಮನೆ ಪಕ್ಕದಲ್ಲೊಂದು ಶೆಡ್ ಹಾಕಿ ಸ್ವಂತ ರಿಪೇರಿ ಅಂಗಡಿ ಇಡಬೇಕು ಎಂದಿರುವವರು ಕೇಳುವ ಮೊದಲ ಪ್ರಶ್ನೆ ಇದು: “ಅಣ್ಣ, ಯಾವ ಗ್ಯಾಸ್ ತಗೊಳ್ಳುವುದು? ಅಸಿಟಿಲೀನೇ ಬೇಕಾ, ಎಲ್‌ಪಿಜಿ ಸಾಕಾ?”

ಹೆಚ್ಚಿನವರು ಯಾವ ಗ್ಯಾಸಿನ ಬೆಂಕಿ ಹೆಚ್ಚು ಬಿಸಿ ಎಂದು ನೋಡಿ ಆರಿಸುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು.

ಎಷ್ಟು ಬಿಸಿ ಬೇಕು?

ಬ್ರೇಜಿಂಗಿನಲ್ಲಿ ಪೈಪ್ ಕರಗಬಾರದು, ಕಡ್ಡಿ ಮಾತ್ರ ಕರಗಿ ಸಂದಿಯೊಳಗೆ ಹರಿಯಬೇಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾವು ಬಳಸುವ ತಾಮ್ರ-ರಂಜಕದ ಕಡ್ಡಿ ಸುಮಾರು 710ಕ್ಕೆ ಕರಗಲು ಶುರುವಾಗಿ 800ರ ಹೊತ್ತಿಗೆ ನೀರಿನಂತೆ ಹರಿಯುತ್ತದೆ. ಶೇ. 45 ಬೆಳ್ಳಿಯ ಕಡ್ಡಿಗೆ 700ರ ಒಳಗೇ ಸಾಕು. ಇನ್ನು ಬರೀ ಗಾಳಿಯಲ್ಲಿ ಉರಿಯುವ ಪ್ರೊಪೇನ್ ಜ್ವಾಲೆಯೇ 1900 ಡಿಗ್ರಿ ದಾಟುತ್ತದೆ. ಅಂದರೆ ಜ್ವಾಲೆಯ ಬಿಸಿ ಯಾವ ಗ್ಯಾಸಿನಲ್ಲೂ ಬೇಕಾದಷ್ಟು ಉಂಟು. ಪೈಪಿಗೆ ಎಷ್ಟು ಬೇಗ ಶಾಖ ಸೇರುತ್ತದೆ, ಜಾಯಿಂಟಿನ ಸುತ್ತ ಸಮನಾಗಿ ಸೇರುತ್ತದಾ ಎನ್ನುವುದೇ ನೋಡಬೇಕಾದ್ದು.

ಮೂರು ಗ್ಯಾಸ್, ಮೂರು ಗುಣ

ಎಲ್‌ಪಿಜಿ ಅಥವಾ ಪ್ರೊಪೇನ್: ಇದರ ಶಾಖ ಬಹುಪಾಲು ಹೊರಗಿನ ಅಗಲ ಜ್ವಾಲೆಯಲ್ಲಿರುತ್ತದೆ. ಜಾಯಿಂಟ್ ಪೂರ್ತಿ ನಿಧಾನವಾಗಿ, ಸಮನಾಗಿ ಕಾಯುತ್ತದೆ. ಬ್ರೇಜಿಂಗಿಗೆ ಬೇಕಾದದ್ದೇ ಅದು. ಸ್ಪ್ಲಿಟ್ ಎಸಿ, ಫ್ರಿಜ್‌ಗಳ ಕಾಲು ಇಂಚಿನಿಂದ ಅರ್ಧ ಇಂಚಿನ ಪೈಪಿಗೆ ಗಾಳಿ ಎಳೆದುಕೊಳ್ಳುವ ಒಳ್ಳೆಯ ಟಾರ್ಚ್ ಸಾಕು. ದಪ್ಪ ಪೈಪಿಗೆ ಆಮ್ಲಜನಕ ಸೇರಿಸಬೇಕು.

ಹಳದಿ ಬಾಟಲಿ: ಇದನ್ನು ಈಗಲೂ ‘ಮ್ಯಾಪ್ ಗ್ಯಾಸ್’ ಅನ್ನುತ್ತಾರೆ. ಅಮೆರಿಕದಲ್ಲಿ ನಿಜವಾದ ಮ್ಯಾಪ್ ತಯಾರಿಕೆ 2008ರಲ್ಲೇ ನಿಂತಿದೆ. ಈಗ ಅದೇ ಹೆಸರಿನಲ್ಲಿ ಸಿಗುವುದು ಬಹುತೇಕ ಪ್ರೊಪಿಲೀನ್. ಪ್ರೊಪೇನ್‌ಗಿಂತ ಸ್ವಲ್ಪ ಚುರುಕು, ಬಾಟಲಿ ಹೊತ್ತು ಮಹಡಿ ಹತ್ತಲು ಹಗುರ. ಆದರೆ ಗ್ಯಾಸಿನ ತೂಕಕ್ಕೆ ಹೋಲಿಸಿದರೆ ದುಬಾರಿ.

ಅಸಿಟಿಲೀನ್: ಆಮ್ಲಜನಕ ಸೇರಿದರೆ 3100 ಡಿಗ್ರಿ ದಾಟುತ್ತದೆ, ಅತಿ ಹೆಚ್ಚು ಬಿಸಿ ಒಳಗಿನ ಸಣ್ಣ ಮೊನೆಯಲ್ಲಿ. ಕಬ್ಬಿಣ ವೆಲ್ಡ್ ಮಾಡಲಿಕ್ಕೆ ಇದೇ ಬೇಕು. ತೆಳು ತಾಮ್ರದ ಮೇಲೆ ಕೈ ಒಂದು ಕ್ಷಣ ನಿಂತರೂ ಪೈಪ್ ತೂತು. ಜೊತೆಗೆ ಇದು ನಾಜೂಕಿನ ಗ್ಯಾಸ್. ಸಿಲಿಂಡರಿನೊಳಗೆ ಅಸಿಟೋನಿನಲ್ಲಿ ಕರಗಿಸಿ ಇಟ್ಟಿರುತ್ತಾರೆ, ಹಾಗಾಗಿ ಮಲಗಿಸಿ ಬಳಸುವಂತಿಲ್ಲ. ರೆಗ್ಯುಲೇಟರಿನಲ್ಲಿ 15 ಪಿಎಸ್‌ಐ ಮೀರಿಸಬಾರದು, ಮೀರಿದರೆ ಗಾಳಿಯಿಲ್ಲದೆಯೂ ತಾನೇ ಸ್ಫೋಟಿಸಬಹುದು. ಇದರ ಲೈನಿಗೆ ತಾಮ್ರದ ಪೈಪ್ ಹಾಕಲೇಬಾರದು.

ಆಮ್ಲಜನಕದ ಲೆಕ್ಕ

ಎಲ್‌ಪಿಜಿ ಅಗ್ಗ ಎಂದು ಹೋಗುವವರು ಇನ್ನೊಂದು ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಪಾಲು ಅಸಿಟಿಲೀನಿಗೆ ಸಿಲಿಂಡರಿನಿಂದ ಒಂದಕ್ಕಿಂತ ಸ್ವಲ್ಪ ಹೆಚ್ಚು ಪಾಲು ಆಮ್ಲಜನಕ ಸಾಕು. ಒಂದು ಪಾಲು ಪ್ರೊಪೇನಿಗೆ ಸುಮಾರು ನಾಲ್ಕು ಪಾಲು ಬೇಕು. ಆದ್ದರಿಂದ ಆಮ್ಲಜನಕ ಬೇಗ ಮುಗಿಯುತ್ತದೆ. ಎರಡು ಗ್ಯಾಸಿಗೂ ನಾಜಲ್ ಬೇರೆ, ಹೋಸ್ ಬೇರೆ. ಅಸಿಟಿಲೀನಿನ ಹೋಸ್‌ನಲ್ಲಿ ಎಲ್‌ಪಿಜಿ ಬಿಟ್ಟರೆ ರಬ್ಬರ್ ಒಳಗಿಂದ ಹಾಳಾಗುತ್ತದೆ. ಬೆಂಕಿ ಹಿಂದಕ್ಕೆ ಓಡದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎರಡೂ ಕಡೆ ಇರಲಿ. ಆಮ್ಲಜನಕದ ವಾಲ್ವಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ.

ಹಾಯಿಲ್ ಚಳಿ, ಹಾಯಿಲ್ ಬಿಸಿಲು

ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಚಳಿ ಸೊನ್ನೆಯ ಹತ್ತಿರ ಬರುತ್ತದೆ. ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ದ್ರವವಾಗಿಯೇ ಉಳಿಯುತ್ತದೆ, ಪ್ರೊಪೇನ್ ಮಾತ್ರ ಮೈನಸ್ 42ರವರೆಗೂ ಗ್ಯಾಸಾಗುತ್ತದೆ. ಬೆಳಗ್ಗೆ ಸಣ್ಣ ಬ್ಯೂಟೇನ್ ಡಬ್ಬಿಯ ಜ್ವಾಲೆ ಸೊರಗುವುದು ಇದಕ್ಕೇ. ಹಾಗೆಂದು ಡಬ್ಬಿಗೆ ಬೆಂಕಿ ತೋರಿಸಬೇಡಿ. ಬೇಸಿಗೆಯಲ್ಲಿ ಇದರ ಉಲ್ಟಾ. ಮುಚ್ಚಿದ ಕಾರಿನೊಳಗೆ ಬಿಸಿ 50 ಡಿಗ್ರಿ ದಾಟುತ್ತದೆ, ಸಿಲಿಂಡರ್ ಇಡುವ ಜಾಗ ಅದಲ್ಲ.

ರೂಮಿನಲ್ಲಿ ಬೇಡ

ನಾಲ್ಕೈದು ಮಂದಿ ಮಲಗುವ ರೂಮಿನಲ್ಲಿ ಯಾವ ಗ್ಯಾಸೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ, ಮಂಚದ ಕೆಳಗೆ ಹರಡಿ ಕೂರುತ್ತದೆ. ಗಾಳಿಯಲ್ಲಿ ಸುಮಾರು ಶೇ. 2 ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅಸಿಟಿಲೀನ್ ಶೇ. 2.5ರಿಂದ 80ರವರೆಗೂ ಹೊತ್ತುವ ಗ್ಯಾಸ್. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಬೇರೆ, ಅದಕ್ಕೆ ವಾಸನೆಯೂ ಇಲ್ಲ. ಕಫೀಲ್‌ನ ಕೆಲಸ ಬಿಟ್ಟು ಹೊರಗೆ ಸ್ವಂತ ಕೆಲಸ ಮಾಡುವುದು ಇಲ್ಲಿನ ಕಾನೂನಿಗೆ ವಿರುದ್ಧ ಎಂಬುದೂ ನೆನಪಿರಲಿ.

ಎಲ್ಲಿ ಮಾಡಿದರೂ ಮರೆಯಬಾರದ ನಾಲ್ಕು ಮಾತು:

1. ಗ್ಯಾಸ್ ತುಂಬಿದ ಸಿಸ್ಟಮಿಗೆ ಜ್ವಾಲೆ ತೋರಿಸಬೇಡಿ. ಆರ್-22 ಬೆಂಕಿಗೆ ಸಿಕ್ಕಿದರೆ ವಿಷದ ಹೊಗೆ. ಹೊಸ ಫ್ರಿಜ್‌ಗಳ ಆರ್-600ಎ ತಾನೇ ಹೊತ್ತಿ ಉರಿಯುವ ಗ್ಯಾಸ್.
2. ಪ್ರೆಶರ್ ಟೆಸ್ಟಿಗೆ ನೈಟ್ರೋಜನ್ ಮಾತ್ರ. ಆಮ್ಲಜನಕ ತುಂಬಿದರೆ ಕಂಪ್ರೆಸರ್ ಎಣ್ಣೆಯೊಂದಿಗೆ ಸೇರಿ ಸ್ಫೋಟ.
3. ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ಸಣ್ಣಗೆ ನೈಟ್ರೋಜನ್ ಬಿಡಿ, ಒಳಗೆ ಕರಿ ಕಟ್ಟುವುದಿಲ್ಲ.
4. ಕ್ಯಾಡ್ಮಿಯಂ ಇರುವ ಬೆಳ್ಳಿ ಕಡ್ಡಿ ಬೇಡ. ಅದರ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಹಾಳುಮಾಡುತ್ತದೆ.

ಊರಿನ ಶೆಡ್ಡಿಗೆ

ಊರಲ್ಲಿ ಎಸಿ, ಫ್ರಿಜ್ ಕೆಲಸವಷ್ಟೇ ಮಾಡುವವರಿಗೆ ಎಲ್‌ಪಿಜಿಯೇ ಸಾಕು. ದೊಡ್ಡ ಪೈಪ್ ಬಂದಾಗ ಜೊತೆಗೆ ಸಣ್ಣ ಆಮ್ಲಜನಕ ಸಿಲಿಂಡರ್. ಕಬ್ಬಿಣದ ಗ್ಯಾಸ್ ವೆಲ್ಡಿಂಗ್ ಕೂಡ ದಿನಾ ಇದ್ದರೆ ಮಾತ್ರ ಅಸಿಟಿಲೀನ್ ಯೋಚಿಸಿ. ಅದೂ ಮನೆಯಿಂದ ದೂರ, ಗಾಳಿಯಾಡುವ ಕಡೆ, ಚೈನ್ ಹಾಕಿ ನಿಲ್ಲಿಸಿ.

ಅಡುಗೆಮನೆಯ 14.2 ಕೆಜಿ ಸಿಲಿಂಡರನ್ನು ಅಂಗಡಿಗೆ ಎಳೆಯಬೇಡಿ. ಕಾನೂನು ಒಪ್ಪುವುದಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳಿ. ಸ್ಟವ್‌ನ ರೆಗ್ಯುಲೇಟರ್ ತೀರಾ ಕಡಿಮೆ ಒತ್ತಡದ್ದು, ಟಾರ್ಚಿಗೆ ಹೊಂದುವ ಬೇರೆಯದೇ ಬೇಕು. ಸೋಪಿನ ನೀರು ಹಚ್ಚಿ ಸೋರಿಕೆ ನೋಡುವ ಅಭ್ಯಾಸ ಇಲ್ಲಿಂದಲೇ ಒಯ್ಯಿರಿ.

ಎರಡು ನಂಬರ್ ಮೊಬೈಲಿನಲ್ಲಿ ಸೇವ್ ಮಾಡಿಡಿ: ಸೌದಿಯಲ್ಲಿ ಬೆಂಕಿ ಅವಘಡಕ್ಕೆ ಸಿವಿಲ್ ಡಿಫೆನ್ಸ್ 998, ಊರಲ್ಲಿ ಎಲ್‌ಪಿಜಿ ಸೋರಿಕೆಗೆ 1906. ಇಷ್ಟು ವರ್ಷ ಮರಳುಗಾಡಿನಲ್ಲಿ ದುಡಿದು ಕಟ್ಟಿದ ಮನೆಯ ಪಕ್ಕದಲ್ಲೇ ಆ ಸಿಲಿಂಡರ್ ನಿಲ್ಲುವುದು. ಆರಿಸುವಾಗ ಅದು ನೆನಪಿರಲಿ.