ಸೋಲುವ ತಂಡದ ಅಭಿಮಾನಿ

ಅಮೆರಿಕದವರು ಫುಟ್‌ಬಾಲೆಂದು ಕರೆಯುವ ಆಟವು ನಮ್ಮವರು ಬಲ್ಲ ಕಾಲ್ಚೆಂಡಾಟವಲ್ಲವೆಂದು ವಾಚಕರಿಗೆ ಮೊದಲೇ ಅರಿಕೆ ಮಾಡುತ್ತೇವೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ಓಡುವುದೇ ಹೆಚ್ಚು, ಒದೆಯುವುದು ಕಡಮೆ. ಕಾಲೇಜುಗಳ ಪಂದ್ಯಗಳು ಬಹುಮಟ್ಟಿಗೆ ಶರತ್ಕಾಲದ ಶನಿವಾರಗಳಲ್ಲಿ ನಡೆಯುವುವು. ತನ್ನ ಕಾಲೇಜು ಸೋತ ದಿನ ಅಭಿಮಾನಿಗೆ ರಾತ್ರಿಯ ಊಟ ರುಚಿಸದು.

ಚಿಕಾಗೋ ನಗರದ ಮಗ್ಗುಲಲ್ಲಿ, ಮಿಷಿಗನ್ ಸರೋವರದ ದಡದಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯವಿದೆ. ಓದಿನಲ್ಲಿ ಅದಕ್ಕೆ ದೊಡ್ಡ ಹೆಸರು. ವಿದ್ಯಾರ್ಥಿಗಳ ಸಂಖ್ಯೆ ಸಣ್ಣದು. ಆಟದಲ್ಲಿ ಅದು ಸೆಣಸಬೇಕಾದದ್ದಾದರೋ ‘ಬಿಗ್ ಟೆನ್’ ಕೂಟದ ಮಿಷಿಗನ್, ಒಹಾಯೊ ಮೊದಲಾದ ಸಂಸ್ಥಾನಗಳ ಭಾರಿ ವಿಶ್ವವಿದ್ಯಾನಿಲಯಗಳೊಡನೆ. 1976ರಿಂದ 1981ರವರೆಗಿನ ಆರು ವರ್ಷಗಳಲ್ಲಿ ತಂಡವು ಗೆದ್ದ ಆಟಗಳು 3, ಸೋತವು 62, ಸರಿಸಮವಾದದ್ದು ಒಂದು. 1981ರಲ್ಲಿ ಡೆನಿಸ್ ಗ್ರೀನ್ ಎಂಬ ಹೊಸ ಶಿಕ್ಷಕರು ಬಂದರು. ಆ ವರ್ಷದ 11 ಆಟಗಳೂ ಸೋಲೇ ಆದುವು.

ಆ ವರ್ಷದ ನವೆಂಬರಿನಲ್ಲಿ ಮಿಷಿಗನ್ ಸ್ಟೇಟಿನವರು 61–14ರಿಂದ ಸೋಲಿಸಿದಾಗ ಅದು ಸತತವಾಗಿ 29ನೆಯ ಸೋಲು. ದೊಡ್ಡ ಕಾಲೇಜುಗಳಲ್ಲಿ ಹಿಂದೆ ಯಾರೂ ಇಷ್ಟು ಬಾರಿ ಒಂದೇ ಸಮನೆ ಸೋತಿರಲಿಲ್ಲ. ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ ಗೋಲುಕಂಬಗಳನ್ನು ಕಿತ್ತು, “ಎಲ್ಲರಿಗಿಂತ ಕಡೆ ನಾವೇ!” ಎಂದು ಕೂಗಿದರು.

ಇದು ಬರಿಯ ಹುಡುಗಾಟವೆಂದು ನಮಗೆ ತೋರುವುದಿಲ್ಲ. ಪರೀಕ್ಷೆಯಲ್ಲಿ ತಪ್ಪಿದ ಮಗನನ್ನು ತಂದೆ ಬಾಯಿಗೆ ಬಂದಂತೆ ಬಯ್ದಾನು. ಅದೇ ಮಾತನ್ನು ನೆರೆಮನೆಯವನು ಆಡಿದರೆ ಸೈರಿಸುವನೆ? ಪರರು ಹಾಸ್ಯಮಾಡುವ ಮುನ್ನ ತಾವೇ ಅಂದುಕೊಂಡರೆ ಮಾತಿನ ಮೊನೆ ಮುರಿಯುತ್ತದೆ. ಸಿಡಿಮಿಡಿಗುಟ್ಟುವವನು ಇನ್ನೂ ತಂಡದ ಕೈಬಿಟ್ಟಿಲ್ಲ. ಕೈಬಿಟ್ಟವನು ಶನಿವಾರ ಮಧ್ಯಾಹ್ನ ಸುಖವಾಗಿ ನಿದ್ರಿಸುತ್ತಾನೆ.

ಸೋಲಿನ ಸರಪಳಿ 34ಕ್ಕೆ ಮುಟ್ಟಿ, 1982ರ ಸೆಪ್ಟೆಂಬರ್ 25ರಂದು ನಾರ್ದರ್ನ್ ಇಲಿನಾಯ್ ತಂಡದ ಮೇಲೆ 31–6ರ ಗೆಲುವಿನಿಂದ ಕಡಿಯಿತು. ಅಂದೂ ಕಂಬಗಳು ಉಳಿಯಲಿಲ್ಲ. ಹೊತ್ತುಕೊಂಡು ಹೋಗಿ ಸರೋವರಕ್ಕೆ ಎಸೆದರು! ಸಂತೋಷಕ್ಕೂ ಸಂಕಟಕ್ಕೂ ಆ ಹುಡುಗರಿಗೆ ದೊರೆತದ್ದು ಆ ಕಂಬಗಳೇ.

ಆ ಬಳಿಕವೂ ಏಳಿಗೆ ಬೇಗ ಬರಲಿಲ್ಲ. 1995ರಲ್ಲಿ ಗ್ಯಾರಿ ಬಾರ್ನೆಟ್ಟರ ಶಿಕ್ಷಣದಲ್ಲಿ ತಂಡವು ಮೊದಲ ಆಟದಲ್ಲಿಯೇ ಹೆಸರಾಂತ ನಾಟರ್ ಡೇಮ್ ತಂಡವನ್ನು 17–15ರಿಂದ ಸೋಲಿಸಿ, ಕೂಟದ ಪ್ರಶಸ್ತಿಯನ್ನೂ ಗಳಿಸಿ, ಕ್ಯಾಲಿಫೋರ್ನಿಯದ ಪ್ರಸಿದ್ಧ ‘ರೋಸ್ ಬೌಲ್’ ಪಂದ್ಯಕ್ಕೆ ಅರ್ಹವಾಯಿತು. ಅಲ್ಲಿ ಅದು ಹಿಂದೆ ಆಡಿದ್ದುದು 1949ರ ಹೊಸವರ್ಷದ ದಿನ. ಅಂದು ಇಪ್ಪತ್ತರ ತರುಣನಾಗಿದ್ದ ಅಭಿಮಾನಿಗೆ ಈಗ ಅರವತ್ತೇಳು ತುಂಬಿದ್ದಿತು.

1996ರ ಜನವರಿ 1ರಂದು ಆ ಪಂದ್ಯದಲ್ಲಿ ನಾರ್ತ್‌ವೆಸ್ಟರ್ನಿನವರು ದಕ್ಷಿಣ ಕ್ಯಾಲಿಫೋರ್ನಿಯದವರಿಗೆ 41–32ರಿಂದ ಸೋತರು.