ಕತ್ತಿಗೆ ಕಟ್ಟಿದ ಬೆಲೆ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹೊರಟ ಹೆದ್ದಾರಿ ಹೆಬ್ಬಾಳದ ಕೆರೆಯನ್ನು ಬಳಸಿ, ಯಲಹಂಕವನ್ನು ದಾಟಿ ದೇವನಹಳ್ಳಿಯನ್ನು ಮುಟ್ಟುತ್ತದೆ. ಇಂದು ಈ ದಾರಿಯಲ್ಲಿ ಹೋಗುವವರಲ್ಲಿ ಬಹುಮಂದಿ ವಿಮಾನ ಹಿಡಿಯುವ ಅವಸರದವರು. ಊರಿನ ಹಳೆಯ ಕೋಟೆಯ ಸಮೀಪದಲ್ಲಿ, ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳವೆಂದು ಗುರುತಿಸಿ ನಿಲ್ಲಿಸಿರುವ ಪುಟ್ಟ ಕಲ್ಲಿನ ಮಂಟಪವೊಂದಿದೆ. ಅದರ ಮುಂದೆ ನಿಂತು ನೋಡುವಷ್ಟು ಬಿಡುವು ಅವರಿಗಿರುವುದಿಲ್ಲ.

ಅಲ್ಲಿ ಹುಟ್ಟಿದವನದೆಂದು ಹೇಳುವ ಕತ್ತಿಯೊಂದು 2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ ಸವಾಲಿಗೆ ಬಂದಿತು. 15ರಿಂದ 20 ಲಕ್ಷ ಪೌಂಡು ಬಂದೀತೆಂದು ಬಲ್ಲವರು ಅಂದಾಜು ಮಾಡಿದ್ದರು. ಸುತ್ತಿಗೆಯ ಪೆಟ್ಟು ಬಿದ್ದು ಲೆಕ್ಕ ಮುಗಿದಾಗ ಬಂದಿದ್ದದ್ದು 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕ ಹಣ. ನಮ್ಮ ರೂಪಾಯಿಯಲ್ಲಿ 140 ಕೋಟಿಗೂ ಹೆಚ್ಚು. ಉಕ್ಕಿಗೆ ಅಷ್ಟು ಬೆಲೆಯಿಲ್ಲ, ಹಿಡಿಕೆಯ ಚಿನ್ನದ ಕೆಲಸಕ್ಕೂ ಇಲ್ಲ. ಹಾಗಾದರೆ ಕೊಂಡವರು ಕೊಂಡದ್ದು ಏನನ್ನು? ಈ ಪ್ರಶ್ನೆಯನ್ನು ಬಿಡಿಸಿ ನೋಡುವುದೇ ಇಂದಿನ ಭಾಷಣದ ಉದ್ದೇಶ.

ಮೊದಲು ಈ ವಸ್ತುಗಳು ಅಲ್ಲಿಗೆ ಹೋದ ಬಗೆಯನ್ನು ನೋಡೋಣ. 1791ರ ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹದೂರ್ ಖಾನ್ ಹೋರಾಡುತ್ತಲೇ ಮಡಿದನು. ಆ ಸೈನ್ಯ ಆಮೇಲೆ ಉತ್ತರದ ಕಡೆಗೆ ನಡೆದು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕೋಟೆಗಳನ್ನೂ ವಶಪಡಿಸಿಕೊಂಡಿತು; ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿಯ ಬೆಟ್ಟವೂ ಬಿದ್ದಿತು. ಎಂಟು ವರ್ಷಗಳ ಬಳಿಕ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯೊಡೆದು ಟಿಪ್ಪು ಮಡಿದನು. ಅಂದಿನ ರಾತ್ರಿ ಪಟ್ಟಣದಲ್ಲಿ ನಡೆದ ಲೂಟಿಗೆ ಮಿತಿಯಿರಲಿಲ್ಲ. ಮರುದಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಎನಿಸಿಕೊಂಡವನು, ಕೆಲವರನ್ನು ನೇಣಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಅದನ್ನು ತಡೆಯಬೇಕಾಯಿತು.

ಆದರೆ ಲೂಟಿ ನಿಂತಿತೆಂದರೆ ಅದಕ್ಕೆ ಒಂದು ಕ್ರಮ ಬಂದಿತು ಎಂದಷ್ಟೇ ಅರ್ಥ. ಆ ಕಾಲದ ಯುದ್ಧಪದ್ಧತಿಯಂತೆ, ಮುತ್ತಿಗೆ ಹಾಕಿ ಗೆದ್ದ ಕೋಟೆಯ ಸಂಪತ್ತು ಗೆದ್ದ ಸೈನ್ಯಕ್ಕೆ ಸಲ್ಲತಕ್ಕದ್ದು. ಅದನ್ನು ಪಟ್ಟಿ ಮಾಡಿ, ಬೆಲೆಕಟ್ಟಿ, ಮಾರಿ, ಹುದ್ದೆಗೆ ತಕ್ಕಂತೆ ಹಂಚಲು ಪ್ರೈಜ್ ಏಜೆಂಟರು ಎಂಬ ಅಧಿಕಾರಿಗಳಿರುತ್ತಿದ್ದರು. ಒಟ್ಟು ಸಂಪತ್ತಿನ ಬೆಲೆ 10 ಲಕ್ಷ ಪೌಂಡನ್ನು ಮೀರಿತ್ತು. ದಂಡನಾಯಕ ಹ್ಯಾರಿಸನಿಗೆ ಒಂದು ಲಕ್ಷ ಪೌಂಡಿಗೂ ಮಿಕ್ಕ ಪಾಲು ಸಂದಿತು. ಸಾಮಾನ್ಯ ಸಿಪಾಯಿಯ ಕೈಗೆ ಬಂದದ್ದು ಕೆಲವೇ ಪೌಂಡು. ಹಂಚಿಕೆಗೆ ಒಗ್ಗದ ವಸ್ತುಗಳನ್ನು ಒಡೆದರು. ಟಿಪ್ಪುವಿನ ಚಿನ್ನದ ಹೊದಿಕೆಯ ಸಿಂಹಾಸನ ಹೀಗೆ ಚೂರುಚೂರಾಯಿತು. ಅದರ ಮೇಲಿದ್ದ ಹುಮಾ ಪಕ್ಷಿ ಮತ್ತು ಕೆಳಗಿದ್ದ ದೊಡ್ಡ ಹುಲಿಯ ತಲೆ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದವು. ಕಟಾಂಜನದ ಚಿಕ್ಕ ಹುಲಿಯ ತಲೆಗಳು ಬೇರೆಬೇರೆ ಮನೆಗಳ ಪಾಲಾದವು. ಆದ್ದರಿಂದ ಈ ವಸ್ತುಗಳ ಮೊದಲನೆಯ ಹರಾಜು ಲಂಡನ್ನಿನಲ್ಲಿ ನಡೆದದ್ದಲ್ಲ, ಕಾವೇರಿಯ ದಂಡೆಯಲ್ಲಿಯೇ ನಡೆದದ್ದು. ಈಗಿನದು ಆ ಸವಾಲಿನ ಮುಂದುವರಿಕೆ.

ಇನ್ನು ಕೀರ್ತಿಯ ಮಾತು. ಸೋತ ಅರಸರು ಭಾರತದಲ್ಲಿ ಎಷ್ಟೋ ಮಂದಿ. ಅವರೆಲ್ಲರ ಕತ್ತಿಗಳಿಗೆ ಈ ಬೆಲೆಯಿಲ್ಲ. ಟಿಪ್ಪುವಿನ ಹೆಸರು ಬ್ರಿಟನ್ನಿನ ಮನೆಮಾತಾಗಿತ್ತು. ಅದೂ ಕ್ರೂರಿ, ನಿರಂಕುಶ ಎಂಬ ಅರ್ಥದಲ್ಲಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ಕಂಪನಿಯ ಸೈನ್ಯ ಕಂಡ ಸೋಲು, ಸೆರೆಸಿಕ್ಕವರು ಶ್ರೀರಂಗಪಟ್ಟಣದಲ್ಲಿ ಪಟ್ಟ ಪಾಡಿನ ವರ್ಣನೆಗಳು, 1792ರಲ್ಲಿ ಒತ್ತೆಯಾಗಿ ಹೋದ ಇಬ್ಬರು ಎಳೆಯ ರಾಜಕುಮಾರರ ಚಿತ್ರಗಳು, ರಂಗಸ್ಥಳದ ಮೇಲಿನ ಮುತ್ತಿಗೆಯ ಆಟಗಳು, ಇವೆಲ್ಲ ಸೇರಿ ಅವನನ್ನು ಅಲ್ಲಿನ ಜನರ ಕಲ್ಪನೆಯ ದೊಡ್ಡ ಖಳನನ್ನಾಗಿ ಮಾಡಿದವು. ವಿಜಯದ ಪದಕದಲ್ಲಿ ಸಿಂಹವು ಹುಲಿಯನ್ನು ಕೆಡವಿ ಮೆಟ್ಟಿ ನಿಂತಿದೆ. ಬಿಳಿಯ ಸೈನಿಕನ ಮೇಲೆ ಎರಗಿದ ಮರದ ಹುಲಿಯನ್ನು 1808ರಲ್ಲಿ ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ನೋಡಬಂದವರು ಅದರ ಹಿಡಿಯನ್ನು ತಿರುಗಿಸಿ ಗರ್ಜನೆ ಹೊರಡಿಸುತ್ತಿದ್ದರೆ ಪಕ್ಕದಲ್ಲಿ ಓದುತ್ತ ಕುಳಿತವರು ಬೇಸರಗೊಳ್ಳುತ್ತಿದ್ದರಂತೆ. ಅದು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿ ಆರಂಭವಾಗುವುದೂ ಇದೇ ಶ್ರೀರಂಗಪಟ್ಟಣದ ಲೂಟಿಯಿಂದ. ಗೆದ್ದವರು ಶತ್ರುವನ್ನು ಹಿಗ್ಗಿಸಿದಷ್ಟೂ ತಮ್ಮ ಗೆಲುವು ಹಿಗ್ಗಿತು. ಗೆಲುವು ಹಿಗ್ಗಿದಷ್ಟೂ ಅದರ ಗುರುತಾದ ವಸ್ತುವಿನ ಬೆಲೆ ಏರಿತು. ಅಂದಿನ ಅಪಕೀರ್ತಿಯೇ ಇಂದಿನ ಮೌಲ್ಯದ ಬೇರು.

2023ರಲ್ಲಿ ಮಾರಾಟವಾದ ಕತ್ತಿಯ ಕಥೆಯೂ ಇದೇ. ಕೋಟೆಯ ಮೇಲಿನ ದಾಳಿಯನ್ನು ನಡೆಸಿದ ಡೇವಿಡ್ ಬೇರ್ಡ್ ಎಂಬ ಸೇನಾನಿಗೆ ಅದನ್ನು ಗೌರವವಾಗಿ ಒಪ್ಪಿಸಿದ್ದರು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಗಳಿಗೂ ಮಿಕ್ಕು ಬಂಧನದಲ್ಲಿದ್ದವನು ಈ ಬೇರ್ಡ್. ಅಂಥವನ ಕೈಗೆ ಆ ಅರಸನ ಕತ್ತಿ ಬಂದದ್ದರಲ್ಲಿ ಒಂದು ನಾಟಕವಿದೆ, ನಿಜ. ಕೊಂಡವರು ಬೆಲೆ ತೆತ್ತದ್ದು ಆ ನಾಟಕಕ್ಕೆ.

ಇಲ್ಲಿ ಸಂಗ್ರಾಹಕನ ವಿದ್ಯೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ‘ಟಿಪ್ಪುವಿನ ಕತ್ತಿ’ ಎಂಬ ಹೆಸರಿನಲ್ಲಿ ಬರುವ ವಸ್ತುಗಳು ಅನೇಕ. ಅವನ ಆಯುಧಶಾಲೆಗಳಲ್ಲಿ ತಯಾರಾದ ಕತ್ತಿ, ಕೋವಿ, ಫಿರಂಗಿಗಳ ಮೇಲೆ ‘ಬಬ್ರಿ’ ಎಂಬ ಹುಲಿಪಟ್ಟೆಯ ಅಲಂಕಾರವಿರುತ್ತದೆ. ಕೆಲವುಗಳ ಮೇಲೆ ಹೈದರನ ಹೆಸರಿನ ಮೊದಲ ಅಕ್ಷರದ ಮುದ್ರೆ, ಕೆಲವುಗಳ ಮೇಲೆ ಟಿಪ್ಪು ತಾನೇ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷ. ಈ ಗುರುತುಗಳು ವಸ್ತು ಅವನ ರಾಜ್ಯದ್ದೆಂದು ಹೇಳಿಯಾವು. ಅವನೇ ಅದನ್ನು ಕೈಯಲ್ಲಿ ಹಿಡಿದಿದ್ದನೆಂದು ಹೇಳಲಾರವು. ಸಾವಿರಾರು ಸೈನಿಕರಿಗೆ ಹಂಚಿದ ಆಯುಧಕ್ಕೂ ಅರಸನ ಶಯನಾಗಾರದಲ್ಲಿದ್ದ ಆಯುಧಕ್ಕೂ ನಡುವಣ ಅಂತರವನ್ನು ತುಂಬಬೇಕಾದದ್ದು ಒಡೆತನದ ವಂಶಾವಳಿ: ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ಪತ್ರದ ಆಧಾರದ ಮೇಲೆ ಬಂದಿತೆಂಬ ವಿವರ. ವಂಶಾವಳಿ ಗಟ್ಟಿಯಾದಷ್ಟೂ ಬೆಲೆ ಏರುತ್ತದೆ. ವಿಚಿತ್ರವೆಂದರೆ, ಆ ವಂಶಾವಳಿಯ ಮೊದಲ ಪುಟ ಪ್ರತಿಸಲವೂ ಕೊಳ್ಳೆಯ ಪುಟವೇ. ಬೇರೆಡೆ ಕಳವಿನ ಸಾಕ್ಷಿಯಾಗಿ ವಸ್ತುವಿನ ಬೆಲೆಯನ್ನು ಕೆಡಿಸಬಹುದಾದ ಸಂಗತಿ ಇಲ್ಲಿ ಅದರ ಅಸಲಿತನದ ಪ್ರಮಾಣಪತ್ರವಾಗಿದೆ.

ಕಾನೂನು ನಮಗೆ ನೆರವಾಗದೆ? ನಮ್ಮ ದೇಶದ ಪುರಾತನ ವಸ್ತುಗಳ ಕಾಯಿದೆ 1972ರದು, 1976ರಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಯುನೆಸ್ಕೋ ಒಡಂಬಡಿಕೆ 1970ರದು. ಎರಡೂ ಮುಂದೆ ನೋಡುವ ಕಾನೂನುಗಳು. 1799ಕ್ಕೆ ಹಿಂದಿರುಗಿ ಹೋಗಲಾರವು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಸಿಂಹಾಸನದ ಚಿಕ್ಕ ಹುಲಿಯ ತಲೆಯೊಂದು, 15 ಲಕ್ಷ ಪೌಂಡು ಬೆಲೆಯದು, ಹೊರದೇಶಕ್ಕೆ ಹೋಗುವುದರಲ್ಲಿದ್ದಾಗ 2021ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ತಾತ್ಕಾಲಿಕ ತಡೆ ಹಾಕಿತು. ಅದು ತಮ್ಮ ರಾಷ್ಟ್ರದ ಚರಿತ್ರೆಗೆ ಸಂಬಂಧಿಸಿದ್ದು, ತಮ್ಮಲ್ಲಿಯ ಯಾರಾದರೂ ಕೊಂಡು ಉಳಿಸಿಕೊಳ್ಳಲಿ ಎಂದು. ಸಿಂಹಾಸನವನ್ನು ಒಡೆದ ನಾಡೇ ಅದರ ತುಣುಕು ತನ್ನನ್ನು ಬಿಟ್ಟುಹೋಗಬಾರದೆಂದಿತು. ನಗುವುದು ಸುಲಭ. ಆದರೆ ವಸ್ತುವೊಂದು ಎರಡು ಚರಿತ್ರೆಗಳಿಗೆ ಸೇರಿಬಿಟ್ಟಿದೆ ಎಂಬ ಸತ್ಯಾಂಶವೂ ಅದರಲ್ಲಿದೆ.

ನಮ್ಮವರೂ ಈ ಸವಾಲಿನಲ್ಲಿ ಕೂಗಿದ್ದುಂಟು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆಂಬ ಕತ್ತಿಯೊಂದನ್ನು ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಕೊಂಡರು; ಸುದ್ದಿ ಹೊರಬಿದ್ದಾಗ ನಾಡಿನಲ್ಲಿ ಸಂಭ್ರಮವೋ ಸಂಭ್ರಮ. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರಗಳು ಸವಾಲಿಗೆ ಬಂದಾಗಲೂ ಅವರೇ ಕೊಂಡರು. ಹರಾಜಿನ ಕಟ್ಟೆಗೆ ಯೋಧನೂ ಒಂದೇ, ಮಹಾತ್ಮನೂ ಒಂದೇ. ಆ ಕತ್ತಿಯನ್ನು ಮಲ್ಯರು 2016ರಲ್ಲಿ ಯಾರಿಗೋ ಕೊಟ್ಟುಬಿಟ್ಟರೆಂದು 2018ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಖಾಸಗಿಯವರ ಕೈಯಲ್ಲಿ ಮರಳಿದ್ದು ನಾಡಿಗೆ ಮರಳಿದಂತಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಸರ್ಕಾರವೇ ಕೊಳ್ಳಲಿ ಎನ್ನಬಹುದು. ಇಲ್ಲಿ ನಮ್ಮ ಮನೆಯೊಳಗಿನ ಮಾತೊಂದು ಎದುರಾಗುತ್ತದೆ. ಟಿಪ್ಪು ನಮಗೂ ಒಂದೇ ಬಗೆಯ ನೆನಪಲ್ಲ. ಮರಾಠರ ದಂಡು ಶೃಂಗೇರಿಯ ಮಠವನ್ನು ಸೂರೆಮಾಡಿದಾಗ ನೆರವು ಕಳುಹಿಸಿ ಕಾಗದ ಬರೆದವನು ಅವನೇ. ಕೊಡಗಿನವರಿಗೂ ಮಂಗಳೂರಿನ ಕ್ರೈಸ್ತರಿಗೂ ಮೇಲುಕೋಟೆಯ ಮಂಡಯಂ ಅಯ್ಯಂಗಾರರಿಗೂ ತಲೆಮಾರುಗಳ ದುಃಖವಾಗಿ ಉಳಿದಿರುವವನೂ ಅವನೇ. 2015ರಲ್ಲಿ ಆರಂಭವಾದ ಸರ್ಕಾರಿ ಜಯಂತಿ 2019ರಲ್ಲಿ ನಿಂತುಹೋಯಿತು. ಒಂದೇ ಕತ್ತಿ ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಗಾಯ. ಹರಾಜಿನ ಪಟ್ಟಿಯಲ್ಲಿ ಇವೆರಡಕ್ಕೂ ಅಂಕಣವಿಲ್ಲ. ಸಾರ್ವಜನಿಕ ಹಣದಿಂದ ಕೊಂಡು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿದರೆ ಚರಿತ್ರೆಯ ಅರ್ಧವನ್ನಷ್ಟೇ ತಂದಂತಾಯಿತು. ಅಲ್ಲದೆ ನಾವು ಒಮ್ಮೆ ಕೂಗಿದ ಬೆಲೆ ಮುಂದಿನ ಸವಾಲಿಗೆ ತಳಹದಿಯಾಗುತ್ತದೆ.

ನನ್ನ ಮಟ್ಟಿಗೆ, ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆಯಿದೆ. ಹೊರಗಿರುವ ವಸ್ತುಗಳ ಸಮಗ್ರ ಪಟ್ಟಿಯೊಂದು, ಚಿತ್ರ ಮತ್ತು ಬರಹಗಳ ಸಮೇತ, ಕನ್ನಡದಲ್ಲಿ ಆಗಬೇಕು. ಟಿಪ್ಪುವಿನ ಗ್ರಂಥಭಂಡಾರಕ್ಕೆ ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿಯೇ ಇಂಗ್ಲಿಷಿನಲ್ಲಿ ವಿವರಣಾತ್ಮಕ ಸೂಚಿ ಸಿದ್ಧಪಡಿಸಿದನೆಂಬುದನ್ನು ನೆನೆದರೆ ನಮ್ಮ ಆಲಸ್ಯ ಕಣ್ಣಿಗೆ ಕಟ್ಟುತ್ತದೆ. ವಸ್ತುಸಂಗ್ರಹಾಲಯಗಳೊಡನೆ ಮಾತುಕತೆ ಫಲ ಕೊಡದೆಂದೂ ಅಲ್ಲ: ಗ್ಲಾಸ್ಗೋ ನಗರದ ಸಂಗ್ರಹಾಲಯಗಳು 2022ರಲ್ಲಿ ಏಳು ವಸ್ತುಗಳ ಒಡೆತನವನ್ನು ಭಾರತಕ್ಕೆ ಬಿಟ್ಟುಕೊಟ್ಟವು, ಹೈದರಾಬಾದಿನಿಂದ ಕಳವಾಗಿದ್ದ ಕತ್ತಿಯೊಂದು ಅವುಗಳಲ್ಲಿತ್ತು. ಇಲ್ಲಿಯೇ ಉಳಿದಿರುವುದನ್ನು ಕಾಯುವುದು ಎಲ್ಲಕ್ಕೂ ಮುಖ್ಯ. ಶ್ರೀರಂಗಪಟ್ಟಣದ ಮದ್ದಿನ ಮನೆಯೊಂದು ರೈಲಿನ ಜೋಡಿ ಹಳಿಗೆ ಅಡ್ಡ ಬಂದಾಗ 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ನಿಲ್ಲಿಸಿದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಬಾವಿಯೊಂದರ ಹೂಳಿನಿಂದ ಆ ಕಾಲದ ಯುದ್ಧದ ರಾಕೆಟ್ಟುಗಳು ಸಾವಿರದಷ್ಟು ಹೊರಬಂದವು. ಅವಕ್ಕೆ ಯಾರೂ ಬೆಲೆ ಕೂಗಲಿಲ್ಲ. ಆದರೆ ವಿದ್ವಾಂಸನಿಗೆ ಅವು ಕತ್ತಿಗಿಂತ ಹೆಚ್ಚನ್ನು ಹೇಳಬಲ್ಲವು.

ಕೊನೆಯದಾಗಿ ಹೆಬ್ಬಾಳಕ್ಕೆ ಹಿಂದಿರುಗೋಣ. ಅದೇ 2018ರಲ್ಲಿ ಅಲ್ಲಿ ಚರಂಡಿಗೆ ನೆಲ ಅಗೆಯುತ್ತಿದ್ದಾಗ ವೀರಗಲ್ಲೊಂದು ಹೊರಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು, ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಎಣಿಕೆ. ಕಿತ್ತಯ್ಯನೆಂಬವನು ಕಾದಿ ಮಡಿದನೆಂದು ಅದರಲ್ಲಿ ಬರೆದಿದೆ. ಅವನು ಅರಸನಲ್ಲ, ಹೊರನಾಡಿನಲ್ಲಿ ಅವನ ಹೆಸರು ಕೇಳಿದವರಿಲ್ಲ. ಆದರೂ ಅವನ ಊರಿನವರು ಯುದ್ಧದ ನೆನಪನ್ನು ಎತ್ತಿಕೊಂಡು ಹೋಗಲಾಗದ ಕಲ್ಲಿನಲ್ಲಿ, ಅವನು ಸತ್ತ ನೆಲದಲ್ಲಿಯೇ ನಿಲ್ಲಿಸಿದರು. ಬೆಂಗಳೂರಿನ ಕೋಟೆಯಲ್ಲಿ ಮಡಿದ ಬಹದೂರ್ ಖಾನನಿಗೂ ಅಷ್ಟು ಸಂದಿದೆ. ಅವೆನ್ಯೂ ರಸ್ತೆಯ ದರ್ಗಾ ಅವನದೆಂದು ನಂಬಿ ಜನ ಇಂದಿಗೂ ಅಲ್ಲಿ ತಲೆಬಾಗುತ್ತಾರೆ.

ಲಂಡನ್ನಿನ ಕತ್ತಿ ಇನ್ನೊಮ್ಮೆ ಸವಾಲಿಗೆ ಬಂದೀತು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಕೂಗಿಯಾರು. ಬೆಲೆ ಮತ್ತೂ ಏರೀತು. ಅಂದು ಪತ್ರಿಕೆಯಲ್ಲಿ ಆ ಅಂಕಿಯನ್ನು ಓದಿ ಬೆರಗಾಗುವ ಮೊದಲು, ಒಂದು ಭಾನುವಾರ ಬಳ್ಳಾರಿಯ ರಸ್ತೆ ಹಿಡಿದು ಹೆಬ್ಬಾಳದ ಆ ಕಲ್ಲನ್ನೂ ದೇವನಹಳ್ಳಿಯ ಆ ಮಂಟಪವನ್ನೂ ನೋಡಿ ಬರಬಾರದೇಕೆ?